ಎಡಗಡೆ ನಿಂತು ಮಾತಾಡಿದವರು

ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಯುವುದರಿಂದ ಆಗುವ ಪ್ರಯೋಜನಗಳನ್ನು ಯಾವ ಸಭೆಯಲ್ಲಾದರೂ ನಿಸ್ಸಂದೇಹವಾಗಿ ಸ್ಥಾಪಿಸಬಲ್ಲೆನೆಂಬ ವಿಶ್ವಾಸ ನನಗಿತ್ತು. ಹೈದರಾಬಾದಿನ ಕಾಲೇಜಿನ ಚರ್ಚಾಕೂಟದಲ್ಲಿ ನನ್ನನ್ನು ಯಾರೂ ಸೋಲಿಸಿರಲಿಲ್ಲ. ಅತನೂರಿನಲ್ಲಿ ಒಬ್ಬ ಸೋಲಿಸಿದ. ಅವನು ನಾನೇ.

ಗ್ರಾಮೋದ್ಧಾರದ ಸಂಕಲ್ಪದಿಂದ ಆ ಊರಿಗೆ ಬಂದು, ನೀಲವ್ವನೆಂಬ ಮುದುಕಿಯ ಮನೆಯ ಹೊರಕೋಣೆಯಲ್ಲಿ ನೆಲೆಸಿದ್ದೆ. ಊರವರಿಗೆ ನನ್ನ ಮೇಲೆ ಅಪಾರ ಗೌರವ. ನಾನು ಕಟ್ಟೆಯ ಬಳಿ ಬಂದರೆ ಎಲ್ಲರೂ ಎದ್ದು ನಿಲ್ಲುತ್ತಿದ್ದರು. ಕೂತರೆ ಒಬ್ಬೊಬ್ಬರಾಗಿ ಮನೆಗೆ ಹೋಗುತ್ತಿದ್ದರು. ನೀಲವ್ವ ರೊಟ್ಟಿ, ಪುಂಡಿಪಲ್ಯದ ತಾಟನ್ನು ಮುಚ್ಚಿ ನನ್ನ ಹೊಸ್ತಿಲಲ್ಲಿಟ್ಟು ಒಳಗೆ ಹೋಗಿಬಿಡುತ್ತಿದ್ದಳು. "ಓದಿದವ್ರು ಉಣ್ಣಾಗ ಎದುರಿಗಿ ಕೂಡಬಾರ್ದ್ರಿ" ಎಂಬುದು ಅವಳ ಸಿದ್ಧಾಂತ. ಇಂಗ್ಲಿಷ್ ಮರೆತುಹೋದೀತೆಂದು ಸಂಜೆಯ ಹೊತ್ತು ಅವಳ ಎಮ್ಮೆಯ ಮುಂದೆ ನಿಂತು ಭಾಷಣ ಮಾಡುತ್ತಿದ್ದೆ. ಎಮ್ಮೆ ವಿರೋಧಿಸುತ್ತಿರಲಿಲ್ಲ. ಅನುಮೋದಿಸುತ್ತಲೂ ಇರಲಿಲ್ಲ.

ಹೀಗಿರಲು ಶರಣಪ್ಪ ಸಾವಕಾರರ ಮಗ ಸಿದ್ದರಾಮ ಮಿಡ್ಲ್ ಪರೀಕ್ಷೆ ಪಾಸಾದ. ಕಲಬುರ್ಗಿಯ ಹೈಸ್ಕೂಲಿಗೆ ಹೋದರೆ ಇಂಗ್ಲಿಷನ್ನು ಸರಾಗವಾಗಿ ಕಲಿಯುತ್ತಾನೆ. ರಜೆಯಲ್ಲಿ ಊರಿಗೆ ಬಂದರೆ ನನಗೊಬ್ಬ ಮಾತಿನ ಜೊತೆಗಾರ ಸಿಗುತ್ತಾನೆ. ಇದನ್ನು ನಾನು ಸಮಾಜದ ಹಿತವೆಂದು ಕರೆಯುತ್ತಿದ್ದೆ.

ಸಾವಕಾರರು ಒಪ್ಪಲಿಲ್ಲ. "ಕಚೇರಿ ಕಾಗದ ಎಲ್ಲಾ ಉರ್ದುದಾಗ ಅವ. ಇಂಗ್ಲಿಷ್ ಕಲ್ತು ಅಂವ ಯಾರ ಜೋಡಿ ಮಾತಾಡ್ಬೇಕ್ರಿ?"

"ಚರ್ಚೆಯಾಗಲಿ. ಎರಡೂ ಪಕ್ಷಗಳನ್ನು ಕೇಳಿ ಸಭೆ ಕೈಯೆತ್ತಿ ತೀರ್ಮಾನಿಸಲಿ" ಎಂದೆ.

"ಆಗ್ಲಿರಿ. ಸಭಾ ಹೇಳಿದಂಗ ಮಾಡ್ತೇನಿ."

ಎತ್ತು ಹೂಡದ ಸೋಮವಾರ, ಚಾವಡಿ ಕಿಕ್ಕಿರಿದು ತುಂಬಿತು. ಪ್ರತಿಪಾದಕನಾದ ನನಗೆ ಬಲಗಡೆಯ ಸ್ಥಾನ. ವಿರೋಧಿಸಬೇಕಾದ ಉರ್ದು ಶಾಲೆಯ ಉಸ್ಮಾನ್ ಮಾಸ್ತರರಿಗೆ ಎಡಗಡೆ. ನಾನು ಒಂದು ತಾಸು ಮಾತಾಡಿದೆ. ತಂತಿ ಓದಬಹುದು, ಔಷಧಿ ಸೀಸೆಯ ಚೀಟಿ ಓದಬಹುದು, ಲೋಕದ ಜ್ಞಾನಭಂಡಾರವೇ ತೆರೆಯುತ್ತದೆ ಎಂದೆ. ಮುಂದಿನ ಸಾಲಿನಲ್ಲಿ ಒಬ್ಬರು ಗೌರವಪೂರ್ವಕವಾಗಿ ನಿದ್ರಿಸಿದರು.

ಬಳಿಕ ಉಸ್ಮಾನ್ ಮಾಸ್ತರರನ್ನು ಕರೆದೆ. ಅವರು ಏಳಲಿಲ್ಲ.

"ನನ್ನಿಂದ ಆಗಲ್ರಿ."

"ನೀವು ಒಪ್ಪಿದ್ದಿರಲ್ಲ?"

"ಒಪ್ಪಿದ್ದೆ ಖರೇ. ರಾತ್ರಿ ಇಚಾರ ಮಾಡ್ದೆ. ಈ ಊರಾಗ ನಿಮಗ ನಮ್ಮವ್ರು ಅನ್ನೋರು ಯಾರೂ ಇಲ್ಲ. ನಾನೂ ನಾಕು ಮಂದ್ಯಾಗ ತಿರುಗಿ ಬಿದ್ರ ಹ್ಯಾಂಗ್ರಿ?"

ಸಭೆ ತಲೆದೂಗಿತು. ಬೇರೆ ಯಾರನ್ನು ಕೇಳಿದರೂ ಅದೇ ಉತ್ತರ. ನನ್ನ ಗೆಲುವು ನಿರ್ವಿರೋಧವಾಗಿ ಮುಂದೆ ಬಿದ್ದಿತ್ತು. ಎತ್ತಿಕೊಂಡು ಮನೆಗೆ ಹೋಗಬಹುದಿತ್ತು. ಆದರೆ ವಿರೋಧವಿಲ್ಲದ ಗೆಲುವನ್ನು ಚರ್ಚಾಶಾಸ್ತ್ರ ಮಾನ್ಯ ಮಾಡುವುದಿಲ್ಲ. ಆದ್ದರಿಂದ ತಲೆಯ ರುಮಾಲು ತೆಗೆದಿಟ್ಟು, ಎಡಗಡೆಗೆ ಹೋಗಿ ನಿಂತು, ನನ್ನನ್ನೇ ವಿರೋಧಿಸಲು ಆರಂಭಿಸಿದೆ.

"ಮಾನ್ಯರೇ, ನನ್ನ ಪ್ರತಿಸ್ಪರ್ಧಿಯನ್ನು ನೋಡಿರಿ. ಇಂಗ್ಲಿಷ್ ಕಲಿತಿದ್ದಾರೆ. ಇವರು ಬಂದರೆ ನೀವು ನಗುವುದನ್ನು ನಿಲ್ಲಿಸುತ್ತೀರಿ. ಇವರ ಊಟ ಹೊಸ್ತಿಲಿಗೆ ಬರುತ್ತದೆ, ಜೊತೆಗೆ ಯಾರೂ ಬರುವುದಿಲ್ಲ. ಇವರು ಕಲಿತದ್ದನ್ನೆಲ್ಲ ಈ ಊರಿನಲ್ಲಿ ಕೇಳುವುದು ಒಂದು ಎಮ್ಮೆ."

ಇದನ್ನು ನಾನು ಮೊದಲೇ ಸಿದ್ಧಪಡಿಸಿರಲಿಲ್ಲ. ವಾಕ್ಯಗಳು ತಾವಾಗಿಯೇ ಬರುತ್ತಿದ್ದವು. ನಿದ್ರಿಸಿದ್ದವರು ಎಚ್ಚರಾಗಿದ್ದರು. ಹೆಂಗಸರ ಕಡೆ ಯಾರೋ ಮೂಗು ಒರೆಸಿಕೊಂಡರು. ಇಂಥ ಪರಿಣಾಮ ನನ್ನ ಭಾಷಣಕ್ಕೆ ಹಿಂದೆಂದೂ ಆಗಿರಲಿಲ್ಲವಾದ್ದರಿಂದ, ಉತ್ಸಾಹದಿಂದ ಇನ್ನೂ ಅರ್ಧ ತಾಸು ಮುಂದುವರಿಸಿದೆ.

ಕೈಯೆತ್ತಲು ಹೇಳಿದಾಗ ಚಾವಡಿಯ ಕೈಗಳೆಲ್ಲ ಎಡಗಡೆಗೇ ಎದ್ದವು. ಉಸ್ಮಾನ್ ಮಾಸ್ತರರದೂ ಎದ್ದಿತು.

"ಬಲಗಡಿಯವ್ರು ಶಾಣ್ಯಾ ಇದ್ದಾರ" ಎಂದರು ಸಾವಕಾರರು, "ಖರೇ ಎಡಗಡಿ ನಿಂತವ್ರು ನಮ್ಮ ಕಣ್ಣು ತೆರಸಿದ್ರು. ನನ್ನ ಮಗ ಎಮ್ಮಿ ಜೋಡಿ ಮಾತಾಡ್ಕೋತ ಕೂಡೂದು ಬ್ಯಾಡ್ರಿ. ಕಲಬುರ್ಗಿ ಮಾತು ಬಿಡ್ರಿ."

ಪ್ರತಿಪಾದಕನಿಗೆ ಕೊನೆಯಲ್ಲಿ ಉತ್ತರಿಸುವ ಹಕ್ಕಿದೆಯೆಂದು ನೆನಪಿಸಿದೆ. ರುಮಾಲು ಸುತ್ತಿಕೊಂಡು ಬಲಗಡೆಗೆ ಬರುವಷ್ಟರಲ್ಲಿ ಚಾವಡಿ ಬರಿದಾಗಿತ್ತು. ಸಿದ್ದರಾಮ ಮಾತ್ರ ಬಾಗಿಲಲ್ಲಿ ನಿಂತು ನನ್ನನ್ನು ನೋಡಿದ. ಆಮೇಲೆ ತಂದೆಯ ಹಿಂದೆ ಹೋದ.

ಮನೆಗೆ ಬಂದರೆ ಹೊಸ್ತಿಲಲ್ಲಿ ತಾಟಿರಲಿಲ್ಲ. ಊಟವೂ ಹೋಯಿತೆಂದುಕೊಂಡೆ. ಒಳಗಿನಿಂದ ನೀಲವ್ವ ಕರೆದಳು. "ಬಾ ತಮ್ಮಾ, ಒಲಿ ಮುಂದ ಕೂತು ಉಣ್ಣು."

ಅವಳು ನನ್ನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. "ಯಾರನ್ನು ಕರೆಯುತ್ತಿದ್ದೀರಿ?" ಎಂದೆ.

"ಎಡಗಡಿ ನಿಂತು ಮಾತಾಡಿದಾನಲ್ಲ, ಅವನ್ನ. ಬಲಗಡಿಯವ್ರು ದೊಡ್ಡವ್ರು, ನಮ್ಮ ಒಲಿ ಮುಂದ ಹ್ಯಾಂಗ ಕೂಡ್ತಾರ?"

ರುಮಾಲನ್ನು ಗೂಟಕ್ಕೆ ಹಾಕಿ ಒಳಗೆ ಹೋದೆ. ಅವಳು ಎದುರಿಗೆ ಕೂತು ಬಿಸಿ ರೊಟ್ಟಿ ಬಡಿದು ಹಾಕಿದಳು. ಸೋತವನು ಅಷ್ಟು ಉಣ್ಣಬಾರದಿತ್ತು.

ಮರುದಿನ ಬೆಳಿಗ್ಗೆ ರುಮಾಲು ಸುತ್ತಿಕೊಂಡು, ಬಾಕಿ ಉಳಿದಿದ್ದ ಉತ್ತರಿಸುವ ಹಕ್ಕನ್ನು ಎಮ್ಮೆಯ ಮುಂದೆ ವಿಧಿವತ್ತಾಗಿ ಚಲಾಯಿಸಿದೆ. ಎಲ್ಲವನ್ನೂ ಕೇಳಿಸಿಕೊಂಡು, ಅದು ನಿಧಾನವಾಗಿ ಎಡಗಡೆಗೆ ತಿರುಗಿ ಮಲಗಿತು.