ದಾನಿಯಾಳ ಗೋಡಂಬಿ ಡಬ್ಬಿ

ಆಯರ್ ಇತಾಮ್ ಊರಿನ ನಮ್ಮ ಫ್ಲ್ಯಾಟುಗಳಲ್ಲಿ ಬಟ್ಟಲು ಯಾವತ್ತೂ ಖಾಲಿಯಾಗಿ ವಾಪಸು ಹೋಗುವುದಿಲ್ಲ. ಪಕ್ಕದ ಮನೆಯವರು ಗಂಜಿ ಕಳಿಸಿದರೆ ಆ ಬಟ್ಟಲನ್ನು ತೊಳೆದು, ಒರೆಸಿ, ಒಳಗೆ ಏನಾದರೂ ಇಟ್ಟೇ ಕೊಡಬೇಕು. ಏನೂ ಇಲ್ಲದಿದ್ದರೆ ಎರಡು ಬಾಳೆಹಣ್ಣಾದರೂ ಸರಿ. ರಂಜಾನ್ ತಿಂಗಳಲ್ಲಂತೂ ಕೇಳಲೇಬೇಡಿ, ಮೆಟ್ಟಿಲ ಮೇಲೆ ಮನುಷ್ಯರಿಗಿಂತ ಬಟ್ಟಲುಗಳದ್ದೇ ಓಡಾಟ ಜಾಸ್ತಿ. ಆ ಶುಕ್ರವಾರ ಸುಹೈಮಿಯ ಅತ್ತೆ, ಅಂದರೆ ಹೆಂಡತಿಯ ತಾಯಿ, ಎಲ್ಲರೂ ಮಕ್ (ಅಮ್ಮ) ಅಂತಲೇ ಕರೆಯುವ ಮಕ್ ಜೈತೂನ್ ಒಂದು ಬಟ್ಟಲು ವಾಪಸು ಮಾಡಿದ್ದರಿಂದಲೇ ಇಷ್ಟೆಲ್ಲ ಆಯಿತು.

ಆಗ ಸುಹೈಮಿ ಮಸೀದಿಯಿಂದ ಬಂದು ಸೋಫಾದ ಮೇಲೆ ಮಲಗಿ ಕನಸು ಕಾಣುತ್ತಿದ್ದ. ಎಚ್ಚರವಿದ್ದಾಗಲೂ ಅವನು ಹೆಚ್ಚುಕಡಿಮೆ ಅದನ್ನೇ ಮಾಡುವವನು. ಫೆರಿ ಕಟ್ಟೆಯಲ್ಲಿ ಹಗ್ಗ ಬಿಗಿಯುವ ಕೆಲಸ ಅವನದು. ಫೆರಿ ಹೊರಟು ಹೋದರೂ ಇವನು ಹಗ್ಗ ಹಿಡಿದು ನೀರು ನೋಡುತ್ತ ನಿಂತಿರುತ್ತಾನೆ ಅಂತ ಜೊತೆಯವರು ಆಡಿಕೊಳ್ಳುತ್ತಾರೆ. ಇನ್ನು ಉಪವಾಸದ ಮಧ್ಯಾಹ್ನ ಅಂದರೆ ಕೇಳಬೇಕೆ. ಅವತ್ತಿನ ಕನಸಿನಲ್ಲಿ ಹಬ್ಬ ಬಂದುಬಿಟ್ಟಿತ್ತು. ಅವನ ಏಳು ವರ್ಷದ ಮಗಳು ದಾನಿಯಾ ಹಸಿರು ಲಂಗ ತೊಟ್ಟು ಮನೆಯಿಂದ ಮನೆಗೆ ತೇಲಿಕೊಂಡು ಹೋಗುತ್ತಿದ್ದಳು. ಎಲ್ಲರ ಮನೆಯ ಬಿಸ್ಕತ್ತಿನ ಭರಣಿಗಳೂ ತಾವಾಗಿಯೇ ಮುಚ್ಚಳ ತೆರೆಯುತ್ತಿದ್ದವು. ಅವಳು ಯಾವುದಕ್ಕೆ ಬೇಕಾದರೂ ಕೈ ಹಾಕುತ್ತಿದ್ದಳು, ಯಾರೂ ಆ ಕೈ ಹಿಡಿದು ಹಿಂದಕ್ಕೆ ಎಳೆಯುತ್ತಿರಲಿಲ್ಲ.

ನಿಜದಲ್ಲಿ ಹಾಗಿರಲಿಲ್ಲ. ಮೂರು ವರ್ಷದವಳಿದ್ದಾಗ ಇದೇ ಹಬ್ಬದಲ್ಲಿ ಯಾರದೋ ಮನೆಯ ಗೋಡಂಬಿ ಬಿಸ್ಕತ್ತು ತಿಂದು ಮಗುವಿನ ಮುಖ ಊದಿಕೊಂಡು, ಉಸಿರು ಸಿಕ್ಕಿಕೊಂಡು, ಆಂಬುಲೆನ್ಸು ಬಂದು ದೊಡ್ಡ ಗಲಾಟೆಯಾಗಿತ್ತು. ಅಂದಿನಿಂದ ಹಬ್ಬಕ್ಕೆ ಎಲ್ಲಿಗೆ ಹೋದರೂ ದಾನಿಯಾ ತನ್ನದೇ ಬುತ್ತಿ ಹಿಡಿದು ಮೂಲೆಯಲ್ಲಿ ಕೂತು ಬೇರೆ ಮಕ್ಕಳ ತಟ್ಟೆ ನೋಡುತ್ತಿದ್ದಳು. ಆ ನೋಟವನ್ನು ಸುಹೈಮಿಗೆ ತಡೆದುಕೊಳ್ಳಲಾಗುತ್ತಿರಲಿಲ್ಲ. ಆದ್ದರಿಂದಲೇ ಪಟ್ಟಣದ ದೊಡ್ಡಾಸ್ಪತ್ರೆಯವರು ಮಕ್ಕಳ ಗೋಡಂಬಿ, ಬಾದಾಮಿ ಅಲರ್ಜಿಗೆ ಹೊಸ ಚಿಕಿತ್ಸೆ ಪರೀಕ್ಷೆ ಮಾಡುತ್ತಿದ್ದೇವೆ ಅಂದಾಗ ಅವನು ಎಲ್ಲರಿಗಿಂತ ಮುಂಚೆ ಹೋಗಿ ಮಗಳನ್ನು ಸೇರಿಸಿದ್ದ. ದಿನಕ್ಕೊಂದು ಪುಟ್ಟ ಬಿಳಿ ಡಬ್ಬಿ. ಅದರಲ್ಲಿ ಚಾಕೊಲೇಟ್ ಪುಡಿಂಗು, ಪುಡಿಂಗಿನೊಳಗೆ ಚೂರೇ ಚೂರು ಗೋಡಂಬಿ ಪುಡಿ. ತಿಂಗಳು ಕಳೆದ ಹಾಗೆ ಪುಡಿ ಹೆಚ್ಚುತ್ತ ಹೋಗುತ್ತದೆ. ಮೈ ಮೆಲ್ಲಗೆ ಗೋಡಂಬಿಯ ಜೊತೆ ರಾಜಿಯಾಗುತ್ತದೆ. ಆದರೆ ಎಲ್ಲ ಮಕ್ಕಳಿಗೂ ನಿಜವಾದ ಪುಡಿ ಇಲ್ಲ. ಅರ್ಧ ಮಕ್ಕಳಿಗೆ ಬರೀ ಓಟ್ಸ್ ಹಿಟ್ಟು. ಯಾರಿಗೆ ಯಾವುದು ಅಂತ ಡಾಕ್ಟರಿಗೂ ತಿಳಿಯದ ಹಾಗೆ ಮುಚ್ಚಿಟ್ಟಿರುತ್ತಾರೆ.

"ಡಾಕ್ಟರಿಗೇ ಗೊತ್ತಿಲ್ಲದ್ದನ್ನ ಮಗೂಗೆ ತಿನ್ನಿಸೋದಾ?" ಅಂತ ಮಕ್ ಜೈತೂನ್ ಅವತ್ತೇ ಕೇಳಿದ್ದರು. ಸಂಶೋಧನೆ ಅಂದರೆ ಹಾಗೇ ಅಂತ ಸುಹೈಮಿ ಹೇಳಿದ್ದ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರಾದ್ದರಿಂದ ದಿನಾ ಡಬ್ಬಿ ತಿನ್ನಿಸುವ ಜವಾಬ್ದಾರಿಯನ್ನು ಮಕ್ ಜೈತೂನ್ ಅವರೇ ಹೊತ್ತರು. ಒಂದು ವರ್ಷ ಮಗುವಿಗೆ ಒಂದು ಗುಳ್ಳೆಯೂ ಏಳಲಿಲ್ಲ. ಆಸ್ಪತ್ರೆಯ ಸಿಸ್ಟರ್ ಕ್ವೆಕ್ ಬಹಳ ಮೆಚ್ಚಿಕೊಂಡಿದ್ದರು. ನಾಳೆ ಕೊನೆಯ ಪರೀಕ್ಷೆ. ಡಾಕ್ಟರ ಎದುರಿಗೇ ದಾನಿಯಾ ಇಡೀ ಗೋಡಂಬಿ ತಿನ್ನಬೇಕು. ಪಾಸಾದರೆ ಬರುವ ವಾರ ಹಬ್ಬಕ್ಕೆ ಬುತ್ತಿಯ ಕಾಟವಿಲ್ಲ. ಇವತ್ತು ಕೊನೆಯ ಡಬ್ಬಿ. "ಇದೊಂದು ತಪ್ಪಿದ್ರೂ ನಾಳೆ ಬರಬೇಡಿ, ಎಲ್ಲಾ ಮೊದಲಿಂದ," ಅಂತ ಸಿಸ್ಟರ್ ಫೋನಿನಲ್ಲಿ ಎಚ್ಚರಿಸಿದ್ದರು. ಅದಕ್ಕೇ ಸುಹೈಮಿ ರಜೆ ಹಾಕಿ ಮನೆಯಲ್ಲಿ ಕಾವಲು ಕೂತಿದ್ದ, ಅಂದರೆ ಮಲಗಿದ್ದ.

ಇಳಿಹೊತ್ತಿನ ಅಸರ್ ನಮಾಜಿಗೆ ಎದ್ದವನು ಸುಮ್ಮನೆ ಫ್ರಿಜ್ಜು ತೆರೆದು ನೋಡಿದ. ಡಬ್ಬಿ ಇರಲಿಲ್ಲ.

"ಮಕ್, ದಾನಿಯಾ ಡಬ್ಬಿ ಎಲ್ಲಿ?"

ಮಕ್ ಜೈತೂನ್ ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ. "ಬೀ ಹ್ವಾ ಬಟ್ಟಲು ಕೇಳ್ಕೊಂಡು ಬಂದಿದ್ಳು. ಖಾಲಿ ಹೆಂಗಪ್ಪಾ ಕೊಡೋದು? ಕೈಗೆ ಸಿಕ್ಕಿದ್ದನ್ನ ಇಟ್ಟು ಕೊಟ್ಟೆ."

"ಅದು ಔಷಧ ಮಕ್."

"ಅದಕ್ಯಾಕೆ ಮುಖ ಹಂಗೆ ಮಾಡ್ಕೋತೀಯ. ಸಂಜೆಗೆ ನಾನು ಬೇರೆ ಮಾಡಿಕೊಡ್ತೀನಿ ಬಿಡು."

"ಬೇರೆ ಮಾಡೋದಾ? ಅದು ಆಸ್ಪತ್ರೇದು," ಅಂದವನೇ ಸುಹೈಮಿ ಬಾಗಿಲ ಕಡೆ ಓಡಿದ. ದಾನಿಯಾ ಮೂಲೆಯಲ್ಲಿ ಚಿತ್ರ ಬರೆಯುತ್ತಿದ್ದಳು. ಅವಳದೂ ಉಪವಾಸವೇ, ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಒಂದು, ಹೊಟ್ಟೆ ತುಂಬ ಉಂಡು ಆಮೇಲೆ ಸಂಜೆಯವರೆಗೆ ಇನ್ನೊಂದು. "ಅಬಾ, ಚಪ್ಪಲಿ," ಅಂತ ಅವಳು ಕೂಗುವಷ್ಟರಲ್ಲಿ ಅಪ್ಪ ಬರಿಗಾಲಲ್ಲಿ ಹೊರಗಿದ್ದ.

ಬೀ ಹ್ವಾ ಆಂಟಿಯ ಮನೆ ಅದೇ ಪಡಸಾಲೆಯ ತುದಿ. ಆ ಪಡಸಾಲೆ ಅವತ್ತು ಎಂದಿಗಿಂತ ಉದ್ದವಾಗಿತ್ತು. ಹಸಿದ ಹೊಟ್ಟೆಗೆ ಬಿಸಿಲು ನೀರಿನಂತೆ ಅಲುಗಾಡುತ್ತ ಕಾಣುತ್ತಿತ್ತು. ಒಂದೊಂದು ಬಾಗಿಲಿನಿಂದ ಒಂದೊಂದು ಒಗ್ಗರಣೆಯ ವಾಸನೆ ಬಂದು ಅವನನ್ನು ಮೆಲ್ಲಗೆ ಮುಂದಕ್ಕೆ ದೂಡುತ್ತಿತ್ತು. ನಾನು ನಡೆಯುತ್ತಿದ್ದೇನೋ ಇನ್ನೂ ಸೋಫಾದ ಮೇಲೇ ಇದ್ದೇನೋ ಅಂತ ಅವನಿಗೆ ಅನುಮಾನ ಬಂತು.

"ಪುಡಿಂಗಾ? ನಂಗೆ ಶುಗರ್ ಕಣೋ, ನಾನೆಲ್ಲಿ ತಿನ್ಲಿ," ಅಂದರು ಆಂಟಿ. "ರುಕಿಯಾ ತಟ್ಟೆ ನಮ್ಮನೇಲಿ ಮೂರು ದಿನದಿಂದ ಕೂತಿತ್ತು. ಅದರ ಮೇಲಿಟ್ಟು ಕಳಿಸ್ದೆ. ಯಾಕೆ, ಕೊಟ್ಟಿದ್ದನ್ನ ವಾಪಸು ಕೇಳೋಕೆ ಬಂದ್ಯಾ?"

"ಇಲ್ಲ ಆಂಟಿ, ಅದು ದಾನಿಯಾದು."

"ಅಯ್ಯೋ ಪಾಪ, ಮಗೂದಾ. ನಿಮ್ಮತ್ತೆಗೆ ಬುದ್ಧಿ ಬೇಡ್ವಾ? ನಿಲ್ಲು, ಬರಿಗೈಲಿ ಹೋಗ್ಬೇಡ." ಬೇಡ ಬೇಡ ಅನ್ನುತ್ತಿದ್ದರೂ ಕೇಳದೆ ಕೆಂಪು ಕಾಳಿನ ಪಾಯಸ ತುಂಬಿದ ದೊಡ್ಡ ಬಟ್ಟಲನ್ನು ಅವನ ಎರಡೂ ಕೈಗೆ ಕೊಟ್ಟು ಬಾಗಿಲು ಹಾಕಿಕೊಂಡರು.

ಲಿಫ್ಟು ಕೆಟ್ಟಿತ್ತು. ಪಾಯಸ ತುಳುಕದ ಹಾಗೆ ಒಂದೊಂದೇ ಮೆಟ್ಟಿಲಿಳಿದು ಕೆಳಗೆ ಬಂದ. ಕಕ್ ರುಕಿಯಾ, ಅಂದರೆ ನಮ್ಮ ರುಕಿಯಾ ಅಕ್ಕ, ಫ್ಲ್ಯಾಟಿನ ಮುಂದೆ ರಂಜಾನ್ ಅಂಗಡಿ ಇಟ್ಟಿದ್ದಾಳೆ. ಆ ಹೊತ್ತಿಗೆ ಅಲ್ಲಿ ಊರಿಗೆ ಊರೇ ಸಾಲು ನಿಂತಿತ್ತು. ಸುಹೈಮಿ ಪಕ್ಕದಿಂದ ನುಗ್ಗಲು ನೋಡಿದ.

"ಏ ಅಣ್ಣ, ಸಾಲಲ್ಲಿ ಬಾರಪ್ಪ. ನಿಂಗೊಬ್ಬನಿಗೇನಾ ಉಪವಾಸ?" ಅಂದ ಹಿಂದಿನವನು.

"ನಂಗೆ ಏನೂ ಬೇಡ, ಒಂದು ಡಬ್ಬಿ..."

"ಏನೂ ಬೇಡದೋನು ಅಷ್ಟು ದೊಡ್ಡ ಬಟ್ಟಲು ಯಾಕೆ ತಂದೆ?"

ರುಕಿಯಾ ಅವನನ್ನು ನೋಡಿದಳು. "ಸುಹೈಮಿ, ಒಳ್ಳೇ ಟೈಮಿಗೆ ಬಂದೆ. ನಮ್ಮೆಜಮಾನ್ರು ಗ್ಯಾಸ್ ತರೋಕೆ ಹೋದೋರು ಪತ್ತೆ ಇಲ್ಲ. ಈ ಸೌಟು ಹಿಡಿ, ಗಂಜಿ ಬಡಿಸು. ಆಮೇಲೆ ಮಾತಾಡೋಣ."

ಇಲ್ಲ ಅನ್ನುವುದು ಸುಹೈಮಿಗೆ ಗೊತ್ತಿಲ್ಲದ ವಿದ್ಯೆ. ಸೌಟು ಹಿಡಿದ. ಗಂಜಿಯ ಹಬೆ ಮುಖಕ್ಕೆ ಬಡಿಯಿತು. ಆ ಹಬೆಯೊಳಗೆ ಮತ್ತೆ ಹಸಿರು ಲಂಗ ಕಂಡಿತು, ಭರಣಿಗಳು ಕಂಡವು, ಮಗಳು ಒಂದು ಗೋಡಂಬಿ ಬಿಸ್ಕತ್ತು ಎತ್ತಿಕೊಂಡು ತನ್ನ ಕಡೆ ತಿರುಗಿ ನಕ್ಕಳು. ಅವನೂ ನಕ್ಕ. ಯಾರೋ ಚೀರಿದಾಗ ನೋಡಿದರೆ ಗಿರಾಕಿಯ ಪಾತ್ರೆ ತುಂಬಿ ಅವರ ಅಂಗಿಯ ತೋಳಿನ ಮೇಲೆ ಗಂಜಿ ಇಳಿಯುತ್ತಿತ್ತು.

"ಸಾಕು, ಸೌಟು ಇಲ್ಲಿ ಕೊಡು," ಅಂದಳು ರುಕಿಯಾ. "ಏನು ಬೇಕಿತ್ತು ನಿಂಗೆ? ಬಿಳಿ ಡಬ್ಬಿನಾ? ತಿರು ಅಂಕಲ್ ಟಿಫಿನ್ ಕ್ಯಾರಿಯರ್ ವಾಪಸು ಮಾಡೋದಿತ್ತು, ಅದರೊಳಗಿಟ್ಟು ಈಗ ತಾನೇ ಕಳಿಸ್ದೆ. ಅವರಿಗೆ ಸಿಹಿ ಅಂದ್ರೆ ಪ್ರಾಣ. ತಗೋ, ಇದನ್ನ ಮನೆಗೆ ತಗೊಂಡು ಹೋಗು." ಬಾಳೆಲೆಯಲ್ಲಿ ಸುತ್ತಿದ ಕಡುಬಿನ ಪೊಟ್ಟಣವೊಂದು ಪಾಯಸದ ಬಟ್ಟಲಿನ ಮೇಲೆ ಕೂತಿತು.

ತಿರುಚೆಲ್ವಂ ಅಂಕಲ್ ರೈಲ್ವೆಯಲ್ಲಿದ್ದು ನಿವೃತ್ತರಾದವರು. ಒಂಟಿ ಜೀವ. ಅವರ ಮನೆ ಕಟ್ಟಡದ ತುತ್ತತುದಿಯ ಮಹಡಿ. ಸುಹೈಮಿ ಹತ್ತಿದ, ಹತ್ತಿದ, ಹತ್ತುತ್ತಲೇ ಇದ್ದ. ಬಟ್ಟಲು ಭಾರವಾಗುತ್ತ ಹೋಯಿತು, ತಲೆ ಹಗುರಾಗುತ್ತ ಹೋಯಿತು. ಪ್ರತಿ ತಿರುವಿನಲ್ಲೂ ಸೂರ್ಯ ಇನ್ನಷ್ಟು ಕೆಳಗೆ ಇಳಿದಿರುತ್ತಿದ್ದ. ದೇವರೇ, ಮುದುಕ ಇನ್ನೂ ಮುಚ್ಚಳ ತೆಗೆದಿರದಿದ್ದರೆ ಸಾಕು, ಬೇರೇನೂ ಕೇಳುವುದಿಲ್ಲ ಅಂತ ಬೇಡಿಕೊಂಡ. ಒಂದು ವರ್ಷ ಕಾದದ್ದು ಒಂದು ಚಮಚದಲ್ಲಿ ಮುಗಿದು ಹೋಗುತ್ತದಲ್ಲ ಅಂತ ಅವನಿಗೆ ಅಳುವೇ ಬಂತು.

ಅಂಕಲ್ ಪಡಸಾಲೆಯಲ್ಲಿ ಬೆತ್ತದ ಕುರ್ಚಿ ಹಾಕಿಕೊಂಡು ಬೆಟ್ಟದ ಕಡೆ ಮುಖ ಮಾಡಿ ಕೂತಿದ್ದರು. ಕೈಯಲ್ಲಿ ಬಿಳಿ ಡಬ್ಬಿ. ಚಮಚದಿಂದ ತಳ ಕೆರೆಯುತ್ತಿದ್ದರು.

"ಬಾಪ್ಪಾ ಸುಹೈಮಿ," ಅಂದರು ಸಂತೋಷದಿಂದ. "ಇವತ್ಯಾಕೋ ಲೇಟು. ದಿನಾ ಮಧ್ಯಾಹ್ನಾನೇ ಬಂದ್ಬಿಡ್ತಿತ್ತು."

"ಯಾವುದು ಅಂಕಲ್?"

"ಇದೇ, ನಿಮ್ಮತ್ತೆ ಕಳಿಸೋ ಪುಡಿಂಗು. ದಿನಾ ಸ್ಟೀಲ್ ಲೋಟದಲ್ಲಿ ಬರೋದು, ಇವತ್ತು ಡಬ್ಬೀಲಿ ಬಂದಿದೆ. ರುಚಿ ಮಾತ್ರ ಅದೇ. ಒಂದು ವರ್ಷದಿಂದ ಒಂದು ದಿನ ತಪ್ಪಿಸಿಲ್ಲ ಆಯಮ್ಮ. ಒಂಟಿ ಮುದುಕನ ಮೇಲೆ ಇಷ್ಟು ಪ್ರೀತಿ ಯಾರಿಗಿರುತ್ತೆ ಹೇಳು."

ಇದು ಖಂಡಿತ ಕನಸೇ ಅಂದುಕೊಂಡ ಸುಹೈಮಿ. ಎಚ್ಚರವಾಗಲಿ ಅಂತ ಬಟ್ಟಲು ಕೆಳಗಿಟ್ಟು ಕೈ ಚಿವುಟಿಕೊಂಡ. ನೋವಾಯಿತು.

"ಕೂತ್ಕೋ," ಅಂದರು ಅಂಕಲ್. "ಮೊದಮೊದಲು ತಿಂದ್ರೆ ನಾಲಿಗೆ ಒಂಥರಾ ತುರಿಸ್ತಿತ್ತು. ಹೋಗ್ಲಿ, ಪ್ರೀತಿಯಿಂದ ಕಳಿಸಿದ್ದು, ಬಿಸಾಡೋದು ಹೆಂಗೆ ಅಂತ ತಿಂದೆ. ಆಮೇಲೆ ಅದೂ ನಿಂತೋಯ್ತು. ಅದಲ್ಲ ಕಣಪ್ಪ ಆಶ್ಚರ್ಯ. ಚಿಕ್ಕೋನಿದ್ದಾಗಿಂದ ಒಂದು ಗೋಡಂಬಿ ಬಾಯಿಗೆ ಬಿದ್ರೆ ನನ್ನ ತುಟಿ ಊದ್ಕೊಂಡು ಬಿಡೋದು. ನನ್ನ ಮದುವೇಲಿ ಎಲ್ಲಾರೂ ಪಾಯಸ ತಿಂದ್ರು, ನಾನು ಮೊಸರನ್ನ ತಿಂದೆ. ಹೋದ ತಿಂಗಳು ತಂಗಿ ಮನೇಲಿ ಗೊತ್ತಿಲ್ದೆ ಗೋಡಂಬಿ ತಿಂದ್ಬಿಟ್ಟೆ. ಸತ್ತೆ ಅಂದ್ಕೊಂಡೆ. ಏನೂ ಆಗ್ಲಿಲ್ಲ. ಈಗ ನೋಡು." ಪಕ್ಕದಲ್ಲಿದ್ದ ಭರಣಿಗೆ ಕೈ ಹಾಕಿ ಒಂದು ಹಿಡಿ ಗೋಡಂಬಿ ಬಾಯಿಗೆ ಸುರಿದುಕೊಂಡು ಕುರುಂ ಕುರುಂ ಅಗಿದರು. "ಮುದುಕ ಆದ್ಮೇಲೆ ದೇವರು ಕಣ್ಣು ಬಿಟ್ಟ."

ಕೆಳಗೆ ಮಸೀದಿಯಲ್ಲಿ ಬಾಂಗು ಕೇಳಿಸಿತು. ಸುಹೈಮಿ ಅಲ್ಲೇ ನೆಲದ ಮೇಲೆ ಕೂತ. ಅಂಕಲ್ ಒಂದು ಲೋಟ ನೀರು ಕೊಟ್ಟರು. ಅದನ್ನು ಕುಡಿದೇ ಉಪವಾಸ ಬಿಟ್ಟ.

ಮನೆಗೆ ಬಂದಾಗ ಎಲ್ಲರೂ ಊಟಕ್ಕೆ ಕೂತಿದ್ದರು. ಫ್ಯಾಕ್ಟರಿಯಿಂದ ಬಂದಿದ್ದ ಹೆಂಡತಿ ಮಸ್ತುರಾ ಅವನ ಮುಖ ನೋಡಿ ಕೈಯಲ್ಲಿದ್ದ ತುತ್ತು ಕೆಳಗಿಟ್ಟಳು. ಸುಹೈಮಿ ನಡೆದದ್ದೆಲ್ಲ ಹೇಳಿದ. ಹೇಳಿ ಮುಗಿಸಿ, "ಹಾಗಾದ್ರೆ ಒಂದು ವರ್ಷ ಮಗು ತಿಂದಿದ್ದೇನು ಮಕ್?" ಅಂತ ಕೇಳಿದ.

"ನಾನು ಮಾಡಿದ ಪುಡಿಂಗು," ಅಂದರು ಮಕ್ ಜೈತೂನ್, ತಪ್ಪು ಮಾಡಿದ ಲಕ್ಷಣ ಒಂದಿಷ್ಟೂ ಇಲ್ಲದೆ. "ಒಳ್ಳೇ ತೆಂಗಿನ ಹಾಲು ಹಾಕಿ ಮಾಡಿದ್ದು. ನಿಮ್ಮದನ್ನ ಲೋಟಕ್ಕೆ ಬಗ್ಗಿಸಿ, ಡಬ್ಬಿ ತೊಳೆದು ತುಂಬಿಸ್ತಿದ್ದೆ. ಅನ್ನ ಬಿಸಾಕಬಾರದು ಅಂತ ಮೇಲ್ಮಹಡಿ ತಿರುಗೆ ಕೊಟ್ಟೆ. ಇವತ್ತು ನೀನು ಮನೇಲೇ ಕೂತ್ಬಿಟ್ಟೆ, ಬಗ್ಗಿಸೋಕೆ ಪುರುಸೊತ್ತಾಗ್ಲಿಲ್ಲ."

ಮಸ್ತುರಾ ತಾಯಿಯ ಮೇಲೆ ರೇಗಿದಳು, ಅತ್ತಳು, ಕೊನೆಗೆ ಅವಳೇ ಸಿಸ್ಟರ್ ಕ್ವೆಕ್‌ಗೆ ಫೋನ್ ಹಚ್ಚಿ ಗಂಡನ ಕೈಗೆ ಕೊಟ್ಟಳು. ಅಂಕಲ್ ಹಿಡಿ ಗೋಡಂಬಿ ಅಗಿದದ್ದರವರೆಗೂ ಸುಹೈಮಿ ಎಲ್ಲ ಹೇಳಿದ.

"ಅಂದ್ರೆ ನಿಮ್ಮ ಡಬ್ಬೀಲಿ ನಿಜವಾದ ಗೋಡಂಬೀನೇ ಇತ್ತು ಅಂತಾಯ್ತು," ಅಂದರು ಸಿಸ್ಟರ್ ಕೊನೆಗೆ. "ಇದು ನಮಗೆ ಈಗಲೇ ಗೊತ್ತಾಗಬಾರದಿತ್ತು. ನಾಳೆ ಬನ್ನಿ. ಪರೀಕ್ಷೆಗಲ್ಲ, ಡಾಕ್ಟರು ಒಪ್ಪಿದ್ರೆ ಮೊದಲನೇ ಡಬ್ಬಿಗೆ. ಆ ಅಂಕಲ್‌ನೂ ಜೊತೇಲಿ ಕರ್ಕೊಂಡು ಬನ್ನಿ. ನಮ್ಮ ಮಕ್ಕಳಲ್ಲಿ ಯಾರಿಗೂ ಇಷ್ಟು ಚೆನ್ನಾಗಿ ವಾಸಿಯಾಗಿಲ್ಲ."

ಸುಹೈಮಿ ಫೋನಿಟ್ಟು ಮಗಳ ಪಕ್ಕ ಕೂತ. ಹಬ್ಬಕ್ಕೆ ಒಂದು ವಾರವಿತ್ತು.

"ಈ ಸಲಾನೂ ಬುತ್ತಿನಾ ಅಬಾ?" ಅಂತ ದಾನಿಯಾ ಕೇಳಿದಳು.

"ಈ ಸಲಾನೂ ಬುತ್ತಿ ಮಗಳೇ," ಅಂದ.

ಮಕ್ ಜೈತೂನ್ ಎದ್ದು ಬಂದು ಅವನ ತಟ್ಟೆಗೆ ಅನ್ನ ಬಡಿಸಿದರು. "ಈಗ್ಯಾಕೆ ಅಳೋ ಹಂಗಿದ್ದೀಯ? ನಾಳೆ ತಗೊಂಡು ಬಾ, ಈ ಸಲ ನಾನೇ ನನ್ನ ಕೈಯಾರೆ ತಿನ್ನಿಸ್ತೀನಿ," ಅಂದರು. "ನಂಗೀಗ ಧೈರ್ಯ ಬಂದಿದೆ. ಮೊದಲು ದೊಡ್ಡೋರಿಗೆ ಒಂದು ವರ್ಷ ಕೊಟ್ಟು ನೋಡಿ, ಏನೂ ಆಗ್ಲಿಲ್ಲ ಅಂದ್ಮೇಲೆ ತಾನೇ ಮಗೂಗೆ ಕೊಡೋದು? ನಿಮ್ಮ ಡಾಕ್ಟರಿಗೆ ಅಷ್ಟೂ ತಿಳೀಲಿಲ್ವಲ್ಲ."