ಜೀಪಿನವನು ಕಾಲುದಾರಿಯ ಅಧ್ಯಕ್ಷನಾದದ್ದು

ನಾನು ಓದು ನಿಲ್ಲಿಸಿದ್ದು ೧೯೮೮ರಲ್ಲಿ. ಎಂಟನೇ ಕ್ಲಾಸಿನ ಲೆಕ್ಕದ ಪೀರಿಯಡ್ಡಿನಲ್ಲಿ ನೀರು ಕುಡಿದು ಬರ್ತೀನಿ ಅಂತ ಹೊರಗೆ ಬಂದವನು ಇವತ್ತಿನವರೆಗೂ ಒಳಗೆ ಹೋಗಿಲ್ಲ. ಹೊರಗೆ ಒಂದು ಜೀಪು ನಿಂತಿತ್ತು, ಅದಕ್ಕೆ ಕ್ಲೀನರ್ ಬೇಕಾಗಿತ್ತು, ಹತ್ತಿಬಿಟ್ಟೆ. ಇದನ್ನು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಕೆಸರಲ್ಲಿ ಹೂತ ಗಾಡಿಯನ್ನು ಎತ್ತುವುದು, ಬ್ರೇಕ್ ಹೋದಾಗ ಗೇರಿನಲ್ಲೇ ಘಾಟಿ ಇಳಿಸುವುದು, ವಾಂತಿ ಬರುತ್ತೆ ಅಂದವರನ್ನು ಮುಖ ನೋಡಿಯೇ ಕಿಟಕಿ ಪಕ್ಕ ಕೂರಿಸುವುದು, ಇದೆಲ್ಲ ದುಡಿದು ಕಲಿತದ್ದು. ನನಗಿರುವ ಜಂಬ ಒಂದೇ: ನನ್ನ ಗಾಡಿ ಹತ್ತಿದವರು ಹೋಗಬೇಕಾದ ಜಾಗಕ್ಕೆ ಹೋಗಿಯೇ ಹೋಗಿದ್ದಾರೆ. ಒಬ್ಬರನ್ನೂ ದಾರಿಯಲ್ಲಿ ಕಳೆದುಕೊಂಡವನಲ್ಲ ನಾನು.

ಇಂಥವನನ್ನು ಚಾರಣದ ಹಾದಿ ಕಾಯುವ ಸಂಘಕ್ಕೆ ಅಧ್ಯಕ್ಷ ಮಾಡಿದರು ಅಂದರೆ ನೀವು ನಗಬಹುದು. ನನ್ನ ಹೆಂಡತಿ ಗಿರಿಜ ನಕ್ಕೇ ನಕ್ಕಳು. "ಜನ ನಡೀಬಾರ್ದು ಅಂತ್ಲೇ ಹೊಟ್ಟೆ ಹೊರ್ಕೊಳ್ಳೋರು ನೀವು. ಹಾಲಿನ ಡೈರಿಗೂ ಜೀಪಲ್ಲೇ ಹೋಗ್ತೀರಿ. ನಿಮ್ಮನ್ನ ನಡೆಯೋರ ಸಂಘಕ್ಕೆ ಅಧ್ಯಕ್ಷ ಮಾಡಿದ ಪುಣ್ಯಾತ್ಮ ಯಾರು?" ಪುಣ್ಯಾತ್ಮರು ಇಬ್ಬರಿದ್ದರು. ಕಾರ್ಯದರ್ಶಿ ಶ್ರೀಪಾದ ಮೇಷ್ಟ್ರು, ಸಾಗರದವರು, ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿ ರಿಟೈರ್ ಆದವರು. ಖಜಾಂಚಿ ಸುಮಿತ್ರಕ್ಕ, ತೀರ್ಥಹಳ್ಳಿಯಲ್ಲಿ ಬಟ್ಟೆ ಅಂಗಡಿ ಇಟ್ಟವರು. ನಮ್ಮ ಹಾದಿ ಅಂದರೆ ಸಾಗರದ ಕಡೆಯಿಂದ ಹತ್ತಿ, ಹೊಸನಗರದಲ್ಲಿರುವ ನಮ್ಮೂರ ಗುಡ್ಡದ ನೆತ್ತಿ ದಾಟಿ, ತೀರ್ಥಹಳ್ಳಿಯ ಕಡೆ ಇಳಿಯುವ ಹಳೆಯ ಕಾಲುದಾರಿ. ಸಾಗರದವರು ಅಧ್ಯಕ್ಷರಾದರೆ ತೀರ್ಥಹಳ್ಳಿಗೆ ಬೇಜಾರು, ತೀರ್ಥಹಳ್ಳಿಯವರಾದರೆ ಸಾಗರಕ್ಕೆ ಬೇಜಾರು. ನಡುವೆ ಹೊಸನಗರದವನು ನಾನಿದ್ದೆ. ಜೊತೆಗೆ ನನ್ನ ಹತ್ತಿರ ಕತ್ತಿ, ಗುದ್ದಲಿ, ಬಣ್ಣದ ಡಬ್ಬಿ ಸಾಗಿಸಲು ಜೀಪಿತ್ತು. ಆಯ್ಕೆ ಅವಿರೋಧ.

ಅಧ್ಯಕ್ಷನ ಕೆಲಸ ಏನು ಅಂತ ನನಗೆ ಯಾರೂ ಹೇಳಿಕೊಡಲಿಲ್ಲ. ಇಬ್ಬರಿಗೂ ಬೇಜಾರಾಗದ ಹಾಗೆ ನೋಡಿಕೊಳ್ಳುವುದೇ ಕೆಲಸ ಅಂತ ನಾನೇ ತಿಳಿದುಕೊಂಡೆ. ಹಾದಿಯುದ್ದಕ್ಕೂ ಕಲ್ಲು, ಮರಗಳ ಮೇಲೆ ಹಳದಿ ಬಾಣ ಬರೆಯಬೇಕು, ನೆತ್ತಿಯವರೆಗೆ ಆಯಾ ಕಡೆಯವರೇ ಬರೆಯಬೇಕು ಅಂತ ತೀರ್ಮಾನವಾಯಿತು. ಮೇಷ್ಟ್ರು ಫೋನ್ ಮಾಡಿ, "ಮಂಜಪ್ಪ, ಹಾದಿ ಶುರುವಾಗೋದು ನಮ್ಮ ಕಡೆಯಿಂದ ತಾನೇ?" ಅಂದರು. "ಹೌದು ಮೇಷ್ಟ್ರೇ, ನಿಮ್ಮ ಕಡೆಯಿಂದ್ಲೇ ಬರ್ಕೊಂಡು ಬನ್ನಿ" ಅಂದೆ. ಫೋನ್ ಜೇಬಿಗೆ ಹಾಕುವಷ್ಟರಲ್ಲಿ ಸುಮಿತ್ರಕ್ಕನ ಫೋನು. "ಮಂಜಣ್ಣ, ಶುರು ನಮ್ಮ ಕಡೆಯಿಂದ ಅಲ್ವಾ?" ಆ ಹೆಂಗಸಿಗೆ ಇಲ್ಲ ಅನ್ನಲು ಯಾರಿಗೆ ಧೈರ್ಯ ಬರುತ್ತೆ? "ಹೌದಕ್ಕ, ನಿಮ್ಮ ಕಡೆಯಿಂದ್ಲೇ" ಅಂದೆ. ಇಬ್ಬರೂ ಖುಷಿಯಿಂದ ಫೋನಿಟ್ಟರು. ಅಧ್ಯಕ್ಷಗಿರಿ ಇಷ್ಟು ಸುಲಭವೇ ಅಂತ ಆ ದಿನ ಮಧ್ಯಾಹ್ನ ಚೆನ್ನಾಗಿ ನಿದ್ದೆ ಮಾಡಿದೆ. ಬಾಣ ಬರೆದು ಮುಗಿದ ಮೇಲೆ ಗುಡ್ಡ ಹತ್ತಿ ನೋಡಬೇಕಾಗಿತ್ತು. ಜೀಪು ಹೋಗದ ಜಾಗ ನೋಡಿ ಏನಾಗಬೇಕು ಅಂತ ಬಿಟ್ಟೆ.

ಮೊದಲ ತಂಡವಾಗಿ ಬಂದವರು ಶಿವಮೊಗ್ಗದ ರಿಟೈರಾದ ನರ್ಸುಗಳು. ಬೆಳಿಗ್ಗೆ ಸಾಗರದ ಕಡೆಯಿಂದ ಮೇಷ್ಟ್ರು ಸೀಟಿ ಊದಿ ಕಳಿಸಿದರು. ಮಧ್ಯಾಹ್ನ ಊಟದ ಹೊತ್ತಿಗೆ ತೀರ್ಥಹಳ್ಳಿಯ ಕಡೆ ಇಳಿಯಬೇಕು. ಅಲ್ಲಿ ಸುಮಿತ್ರಕ್ಕ ಅಡುಗೆ ಮಾಡಿಸಿದ್ದರು, ನಾನು ಜೀಪು ತಂದು ಕಾಯುತ್ತಿದ್ದೆ. ಊಟದ ಹೊತ್ತು ಮೀರಿತು. ಸಾರು ಎರಡನೇ ಸಲ ಒಲೆ ಹತ್ತಿತು. ಗುಡ್ಡದ ಮೇಲೆ ಫೋನ್ ಸಿಗುವುದಿಲ್ಲ. ಮೇಷ್ಟ್ರಿಗೆ ಮಾಡಿದೆ. ಗಾಬರಿಯಾದರೆ ಅವರಿಗೆ ಹವ್ಯಕರ ಮನೆಮಾತೇ ಬರುವುದು. "ಎಂತ ಆತು ಮಾರಾಯ? ಆನು ಬೆಳಿಗ್ಗೆನೇ ಕಳ್ಸಿದ್ದಿ!" ಆ ಗುಡ್ಡದಲ್ಲಿ ಕಾಟಿ, ಅಂದರೆ ಕಾಡುಕೋಣಗಳಿವೆ, ಒಂದು ಕಡೆ ನೇರ ಪ್ರಪಾತ. ಚಳಿಗಾಲ, ಹೊತ್ತು ಬೇಗ ಮುಳುಗುತ್ತೆ. ನಾಳೆ ಪೇಪರಿನಲ್ಲಿ ನನ್ನ ಫೋಟೋ, ಕೆಳಗೆ 'ಅಧ್ಯಕ್ಷ' ಅಂತ ದಪ್ಪ ಅಕ್ಷರ, ಎಲ್ಲ ಕಣ್ಣಿಗೆ ಕಟ್ಟಿತು. ಫೋಟೋ ಯಾವುದು ಹಾಕುತ್ತಾರೋ, ಆಧಾರ್ ಕಾರ್ಡಿನದು ಹಾಕಿದರೆ ತಪ್ಪು ಮಾಡದಿದ್ದರೂ ಕಳ್ಳನ ಹಾಗೆ ಕಾಣುತ್ತೇನೆ.

"ನಿಂತು ಬೆವರಿದ್ರೆ ಅವರು ಬರ್ತಾರಾ? ಹತ್ತಿ ನೋಡಿ ಮಂಜಣ್ಣ" ಅಂದರು ಸುಮಿತ್ರಕ್ಕ. "ನಾನಾ?" ಅಂದೆ. "ಮತ್ತೆ? ನಿಮ್ಮ ಜೀಪು ಹೋಗುತ್ತಾ?"

ಹತ್ತಿದೆ. ಸಂಘದ ಹಾದಿಯಲ್ಲಿ ಅಧ್ಯಕ್ಷನ ಮೊದಲ ಹೆಜ್ಜೆ ಅದು. ಚಪ್ಪಲಿ ಜಾರಿತು, ಎದೆ ಎಂಜಿನ್ನಿನ ಹಾಗೆ ಹೊಡೆದುಕೊಂಡಿತು. ಪೊದೆ ಅಲುಗಾಡಿದರೆ ಕಾಟಿ, ಕಾಗೆ ಕೂಗಿದರೆ ಅಪಶಕುನ. ಒಂದೇ ಸಮಾಧಾನ ಅಂದರೆ ಬಾಣಗಳು. ಸುಮಿತ್ರಕ್ಕನ ಕಡೆಯವರು ಎಷ್ಟು ಚೆನ್ನಾಗಿ ಬರೆದಿದ್ದರು! ಒಂದೊಂದೂ ಮೇಲಕ್ಕೆ, ನೆತ್ತಿಗೆ ತೋರಿಸುತ್ತಿತ್ತು. ಇಂಥ ಬಾಣ ಇದ್ದೂ ದಾರಿ ತಪ್ಪುವವರು ಯಾರಪ್ಪ ಅಂತ ನರ್ಸುಗಳ ಮೇಲೆ ಸಿಟ್ಟೂ ಬಂತು.

ನೆತ್ತಿಯ ಬಂಡೆಯ ಮೇಲೆ ಅವರೆಲ್ಲ ಸಾಲಾಗಿ ಕೂತು ಚಕ್ಕುಲಿ ತಿನ್ನುತ್ತಿದ್ದರು. ನನ್ನನ್ನು ನೋಡಿ ಅವರ ಮುಖ್ಯಸ್ಥೆ ರತ್ನ ಸಿಸ್ಟರ್ ಎದ್ದು ನಿಂತರು. "ಬಂದ್ರಾ ಅಧ್ಯಕ್ಷರೇ? ಬನ್ನಿ, ನಿಮ್ಮ ಬಾಣಕ್ಕೆ ಏನಾಗಿದೆ ಅಂತ ಹೇಳಿ. ಬಾಣ ನೋಡ್ಕೊಂಡು ಇಲ್ಲೀತನಕ ಬಂದ್ವಿ. ನೀವು ಬಂದ ಕಡೆ ಇಳಿದ್ರೆ ಬಾಣ ವಾಪಸ್ ಹೋಗು ಅಂತ ತೋರಿಸ್ತು. ವಾಪಸ್ ನಾವು ಬಂದ ಕಡೆ ಇಳಿದ್ರೆ ಮತ್ತೆ ಮೇಲಕ್ಕೆ ಹೋಗು ಅಂತು. ಆಮೇಲೆ ದಾರಿ ತಪ್ಪಿದವರು ಓಡಾಡಬಾರ್ದು ಅಂತ ಕೂತ್ವಿ."

ನಾನು ಸಾಗರದ ಕಡೆ ನೋಡಿದೆ. ಮೇಷ್ಟ್ರ ಬಾಣವೂ ನೆತ್ತಿಗೇ ಮುಖ ಮಾಡಿತ್ತು. ಎರಡು ಫೋನೂ ನೆನಪಾದವು. ಎಲ್ಲರೂ ಸುಖವಾಗಿದ್ದಾರಲ್ಲ ಅನ್ನುವ ಸಮಾಧಾನ ಒಂದು ಕಡೆ, ಈ ವಿಷಯ ಹೇಗೆ ಹೇಳಲಿ ಅನ್ನುವುದು ಇನ್ನೊಂದು ಕಡೆ. ಏದುಸಿರು ಬಿಡುತ್ತಾ ಅಲ್ಲೇ ಕೂತುಬಿಟ್ಟೆ. ರತ್ನ ಸಿಸ್ಟರ್ ಕೇಳದೇ ನನ್ನ ಕೈ ಹಿಡಿದು ನಾಡಿ ಎಣಿಸಿದರು. "ಅಯ್ಯೋ, ದಾರಿ ತಪ್ಪಿದ್ದು ನಾವು, ಬಿಪಿ ಏರಿದ್ದು ಇವರಿಗೆ! ಏನ್ರೀ, ನೀವು ನಡೆಯೋದೇ ಇಲ್ವಾ?" ಸುಳ್ಳು ಹೇಳಲು ಉಸಿರಿರಲಿಲ್ಲ. ನನ್ನನ್ನು ಎರಡೂ ಕಡೆ ಹಿಡಿದುಕೊಂಡು ಅವರೇ ಕೆಳಗಿಳಿಸಿದರು. ನೋಡಿದವರಿಗೆ ಕಾಣೆಯಾಗಿದ್ದವನು ನಾನೇ ಅನ್ನಿಸಿರಬೇಕು. ಕೆಳಗೆ ಸುಮಿತ್ರಕ್ಕ ಅನ್ನ ಬಡಿಸುತ್ತಾ ಎಲ್ಲವನ್ನೂ ಕೇಳಿಸಿಕೊಂಡರು. ಮೇಷ್ಟ್ರಿಗೆ ಫೋನ್ ಮಾಡಿ ಅವರಿಗೆ ನಾನು ಹೇಳಿದ್ದೇನು ಅಂತಲೂ ತಿಳಿದುಕೊಂಡರು. ಆಮೇಲೆ ನನ್ನ ಎಲೆಗೆ ಸಾರು ಹಾಕುವಾಗ, "ಯಾರ ಕಡೆಯಿಂದ ಶುರು ಮಾಡ್ಲಿ ಮಂಜಣ್ಣ?" ಅಂತ ಮಾತ್ರ ಕೇಳಿದರು.

ಮುಂದಿನ ಮೀಟಿಂಗಿನಲ್ಲಿ ಯಾರ ಬಾಣ ಅಳಿಸಬೇಕು ಅಂತ ಸಂಜೆವರೆಗೆ ಚರ್ಚೆಯಾಯಿತು. ಇಬ್ಬರೂ ಬಗ್ಗಲಿಲ್ಲ. ಕೊನೆಗೆ ಪ್ರತಿ ಬಾಣದ ಬಾಲಕ್ಕೂ ಒಂದು ತಲೆ ಬರೆದರೆ ಸಾಕು ಅಂತ ಒಪ್ಪಿದರು. ಬರೆಯುವವರು ಯಾರು ಅಂದಾಗ ಇಬ್ಬರೂ ನನ್ನ ಮುಖ ನೋಡಿದರು, ಅದರಲ್ಲಿ ಮಾತ್ರ ಒಮ್ಮತವಿತ್ತು. ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ, ಮಳೆ ಶುರುವಾಗುವವರೆಗೂ ಬ್ರಷ್ ಹಿಡಿದು ಹತ್ತಿ ಇಳಿದೆ. ಗಿರಿಜ ಈಗ ನಗುವುದಿಲ್ಲ, ಬರುವಾಗ ಡೈರಿಯಿಂದ ಹಾಲು ತನ್ನಿ ಅನ್ನುತ್ತಾಳೆ.

ಈಗ ನನ್ನ ಹತ್ತಿರ ಇರುವುದು ಇಷ್ಟು: ಜೀಪು ಒಂದು, ಹಳದಿ ಬಣ್ಣ ಅರ್ಧ ಡಬ್ಬಿ, ಬಿಪಿ ಮಾತ್ರೆ ದಿನಕ್ಕೆ ಒಂದು, ಅಧ್ಯಕ್ಷಗಿರಿ ಇನ್ನೊಂದು ಅವಧಿಗೆ, ಮತ್ತೆ ಕಾಲು ಎರಡು.