ಬಾಡಿಗೆ ಕಾರಿನ ಎರಡನೇ ಡ್ರೈವರ್

ಎಲ್ಲ ರಾದ್ಧಾಂತಕ್ಕೂ ಮೂಲ ಒಂದು ಟಿಕ್ ಗುರುತು. ಅದೂ ಸಾಸಿವೆ ಕಾಳಿನಷ್ಟು.

ಶನಿವಾರ ಬೆಳಿಗ್ಗೆ ಊಟದ ಮೇಜಿನ ಮೇಲೆ, ಮಗಳ ಹೋಂವರ್ಕಿಗೂ ಮಗನ ಒದ್ದೆ ಸಾಕ್ಸಿಗೂ ನಡುವೆ, ಬಾಡಿಗೆ ಕಾರಿನ ಬುಕಿಂಗ್ ಚೀಟಿ ಬಿದ್ದಿತ್ತು. ಗಾಡಿ: ಐದು ಸೀಟು. ಬಣ್ಣ: ಬಿಳಿ. ಎರಡು ದಿನ. ಕೆಳಗೆ ಒಂದು ಚೌಕ, ಚೌಕದೊಳಗೆ ಟಿಕ್, ಪಕ್ಕದಲ್ಲಿ ಮೂರೇ ಮಾತು: ‘ಎರಡನೇ ಡ್ರೈವರ್ ಸೇರಿಸಲಾಗಿದೆ.’

ಬೇರೆ ಯಾರೇ ಆಗಿದ್ದರೂ ಚೀಟಿಯನ್ನು ಮಡಿಚಿ ಜೇಬಿಗೆ ಹಾಕಿಕೊಂಡು ಹೋಗುತ್ತಿದ್ದರು. ಆದರೆ ಅದು ಸಿಕ್ಕಿದ್ದು ಭೂತಗನ್ನಡಿಯ ಕೈಗೆ. ಗಡಿಯಾರ ರಿಪೇರಿ ಅವನ ಕಸುಬು. ಇಪ್ಪತ್ತೆರಡು ವರ್ಷ ಬಲಗಣ್ಣಿಗೆ ಪುಟ್ಟ ಭೂತಗನ್ನಡಿ ಸಿಕ್ಕಿಸಿಕೊಂಡು, ಯಾರಿಗೂ ಕಾಣದ ಧೂಳನ್ನೂ ಸವೆದ ಹಲ್ಲನ್ನೂ ಹುಡುಕಿ ಹುಡುಕಿ, ಚೆನ್ನಾಗಿ ಓಡುತ್ತಿರುವ ಪ್ರತಿಯೊಂದರ ಒಳಗೂ ಏನೋ ಒಂದು ಕೆಟ್ಟಿರಲೇಬೇಕು ಎನ್ನುವ ನಂಬಿಕೆ ಅವನ ರಕ್ತಕ್ಕೆ ಇಳಿದುಬಿಟ್ಟಿತ್ತು. ‘ಭೂತಗನ್ನಡಿ’ ಎನ್ನುವುದು ಬೀದಿಯವರು ಬೆನ್ನ ಹಿಂದೆ ಇಟ್ಟ ಹೆಸರು. ಒಮ್ಮೊಮ್ಮೆ ಬಾಯಿತಪ್ಪಿ ಎದುರಿಗೂ ಬರುತ್ತಿತ್ತು.

“ಏನೇ ಇದು? ಎರಡನೇ ಡ್ರೈವರ್ ಅಂತಿದೆ?”

ಹೆಂಡತಿ ಒಲೆಯ ಕಡೆಯಿಂದ ತಿರುಗಲಿಲ್ಲ. “ಅದಾ? ಕಂಪನಿಯೋರು ಹಾಕಿರ್ತಾರೆ ಬಿಡ್ರೀ. ಟೀ ಆರ್ತಾ ಇದೆ.”

“ಟೀ ಒಲೆ ಮೇಲೆ ಕುದೀತಾ ಇದೆ. ಹೇಗೆ ಆರುತ್ತೆ?”

“ಹಾಗಾದ್ರೆ ಆರಿದ ಮೇಲೆ ಕುಡೀರಿ!”

ಹದಿನಾಲ್ಕು ವರ್ಷದ ಸಂಸಾರದಲ್ಲಿ ಅವಳು ಇಷ್ಟು ಅಡ್ಡಾದಿಡ್ಡಿ ಉತ್ತರ ಕೊಟ್ಟದ್ದು ಎರಡೇ ಸಲ. ಎರಡು ಸಲವೂ ಮನೆಗೆ ಹೊಸ ಸೋಫಾ ಬಂದಿತ್ತು. ಭೂತಗನ್ನಡಿಯ ಎದೆಯಲ್ಲಿ ಅನುಮಾನದ ಸ್ಪ್ರಿಂಗು ಒಂದು ಸುತ್ತು ಬಿಗಿಯಾಯಿತು.

ಅದೇ ಹೊತ್ತಿಗೆ ಅತ್ತೆ ಬಂದರು. ಅರವತ್ತೊಂದು ವಯಸ್ಸು. ದಿನಾ ಬೆಳಿಗ್ಗೆ ಆರಕ್ಕೆ ಕ್ಯಾನ್ವಾಸ್ ಬೂಟು ಹಾಕಿಕೊಂಡು ಮೊಣಕಾಲಿನ ವ್ಯಾಯಾಮಕ್ಕೆ ಹೋಗಿ ಏಳೂವರೆಗೆ ವಾಪಸಾಗುವುದು ಅವರ ಪದ್ಧತಿ.

“ಹೇಗಿದೆ ಅತ್ತೆ ಮೊಣಕಾಲು?” ಎಂದ, ಚೀಟಿಯಿಂದ ಕಣ್ಣೆತ್ತದೆ.

“ಎಣ್ಣೆ ಬಿಟ್ಟ ಹಾಗಿದೆ ಅಳಿಯಂದಿರೇ,” ಎಂದು ಅವರು ಒಳಗೆ ನಡೆದರು.

ಈ ಪ್ರಯಾಣ ಅವನ ಪಾಲಿಗೆ ಬರೀ ಪ್ರಯಾಣ ಆಗಿರಲಿಲ್ಲ. ಹೆಂಡತಿಯ ಅಕ್ಕನ ಗಂಡ, ಅಂದರೆ ಅವನ ಷಡ್ಡಕ, ಮೂರು ಗಂಟೆ ದೂರದಲ್ಲಿ ಹೊಸ ಮನೆ ಕಟ್ಟಿಸಿದ್ದ. ಷಡ್ಡಕನ ಬಳಿ ಎರಡು ಕಾರು, ಒಂದು ಹಳೆಯ ಜೋಕು. ಯಾವಾಗ ಹೋದರೂ ಗೇಟಿನಲ್ಲೇ ನಿಂತು, “ಏನಪ್ಪಾ, ಬಸ್ಸಲ್ಲಿ ಬಂದ್ಯಾ? ಸೀಟು ಸಿಕ್ತಾ?” ಎಂದು ಕೇಳುವುದು. ಎರಡು ವರ್ಷದ ಹಿಂದೆ ಭೂತಗನ್ನಡಿ ಹಟ ತೊಟ್ಟು ಕಾರು ಬಾಡಿಗೆಗೆ ತೆಗೆದುಕೊಂಡು ಹೊರಟಿದ್ದ. ಊರು ದಾಟುವ ಮೊದಲೇ ಹಿಂದಿನ ಸೀಟಿನಿಂದ ಅತ್ತೆ, “ಕೈಬ್ರೇಕ್ ಬಿಟ್ಟಿಲ್ಲ ಅನ್ಸುತ್ತೆ ಅಳಿಯಂದಿರೇ” ಎಂದಿದ್ದರು. ಇವನು ಗಂಭೀರವಾಗಿ, “ಅತ್ತೆ, ಲೈಸೆನ್ಸ್ ಇಲ್ಲದವರು ಗಾಡಿಯೊಳಗೆ ಮಾತಾಡಬಾರದು” ಎಂದಿದ್ದ. ಅತ್ತೆ ಕಿಟಕಿಯ ಕಡೆ ತಿರುಗಿದವರು ಮತ್ತೆ ತುಟಿ ಬಿಚ್ಚಲಿಲ್ಲ. ಅರ್ಧ ದಾರಿಯಲ್ಲಿ ಚಕ್ರದಿಂದ ಹೊಗೆ ಎದ್ದಿತು. ಷಡ್ಡಕನ ಮನೆಗೆ ಅವರು ತಲುಪಿದ್ದು ಬಸ್ಸಿನಲ್ಲಿ. ಸೀಟೂ ಸಿಕ್ಕಿರಲಿಲ್ಲ.

ಹಾಗಾಗಿ ಈ ಸಲ, ತನ್ನ ಎರಡು ಕೈಯೂ ಸ್ಟೇರಿಂಗಿನ ಮೇಲಿರುವ ಹಾಗೆಯೇ ಆ ಗೇಟಿನ ಮುಂದೆ ಹಾರ್ನ್ ಹೊಡೆಯಬೇಕು. ಅದೊಂದೇ ಆಸೆ. ಅದರ ನಡುವೆ ಇದ್ಯಾವ ಪುಣ್ಯಾತ್ಮ ಎರಡನೇ ಡ್ರೈವರ್?

ಮಹಡಿಗೆ ಹೋಗಿ, ಬಾಗಿಲು ಹಾಕಿಕೊಂಡು, ಬಾಡಿಗೆ ಕಂಪನಿಗೆ ಫೋನು ಮಾಡಿದ.

“ಸೇರಿಸಿದ್ದಾರೆ ಸರ್,” ಎಂದಿತು ಒಂದು ಹೆಣ್ಣು ದನಿ. “ಆದ್ರೆ ಹೆಸರು ಫೋನಲ್ಲಿ ಹೇಳೋ ಹಾಗಿಲ್ಲ. ಅವರು ಎರಡು ಗಂಟೆಗೆ ಖುದ್ದಾಗಿ ಬಂದು, ಲೈಸೆನ್ಸ್ ತೋರಿಸಿ ಸಹಿ ಹಾಕ್ತಾರೆ.”

“ನನ್ನ ಗಾಡೀಲಿ ಯಾರು ಅಂತ ನನಗೇ ಹೇಳಲ್ವಾ?”

“ಗಾಡಿ ನಮ್ದು ಸರ್.”

“ಹಾಗಾದ್ರೆ ತೆಗೆದುಹಾಕಿ ಆ ಹೆಸರು!”

“ಬುಕ್ ಮಾಡಿದ ಫೋನಿಂದಲೇ ತೆಗೀಬೇಕು ಸರ್.”

ಬುಕ್ ಮಾಡಿದ ಫೋನು ಹೆಂಡತಿಯ ಸೆರಗಿನ ಮರೆಯಲ್ಲಿತ್ತು.

ಅಂಗಡಿ ತೆರೆದರೂ ಕೈ ಓಡಲಿಲ್ಲ. ಗೋಡೆಯ ಮೇಲಿನ ಇಪ್ಪತ್ತಾರು ಗಡಿಯಾರಗಳೂ ‘ಯಾರು-ಯಾರು, ಯಾರು-ಯಾರು’ ಎಂದು ಹೊಡೆದುಕೊಳ್ಳುತ್ತಿದ್ದವು. ಪಕ್ಕದ ಬೀಗದಂಗಡಿಯವನಿಗೆ ಊರಿನ ಎಲ್ಲ ಬೀಗಕ್ಕೂ ಕೀಲಿ ಮಾಡಿ ಗೊತ್ತು, ಎಲ್ಲ ಮನೆಯ ಗುಟ್ಟಿಗೂ ಮೂಗು ತೂರಿಸಿ ಗೊತ್ತು. ಇವನ ಮುಖ ನೋಡಿದ್ದೇ ಸ್ಟೂಲು ಎಳೆದುಕೊಂಡು ಬಂದ.

“ಎರಡನೇ ಡ್ರೈವರ್ ಅಂದ್ರೆ ಹುಡುಗಾಟ ಅಂದ್ಕೊಂಡ್ರಾ?” ಎಂದ ಕತೆ ಕೇಳಿ. “ಅವನೂ ಗಾಡೀಗೆ ಯಜಮಾನ. ನೀವು ದಾರೀಲಿ ಮೂತ್ರಕ್ಕೆ ಅಂತ ಇಳಿದ್ರೆ ಸಾಕು, ವಾಪಸ್ ಬರೋದ್ರೊಳಗೆ ಅವನು ಸ್ಟೇರಿಂಗ್ ಮುಂದೆ. ನಿಮ್ಮನೇಲಿ ಗಾಡಿ ಹುಚ್ಚು ಯಾರಿಗಿದೆ ಹೇಳಿ?”

ಭೂತಗನ್ನಡಿ ಯೋಚಿಸಬೇಕಾಗಲೇ ಇಲ್ಲ. ಭಾವಮೈದುನ! ಪೇಟೆ ತುದಿಯಲ್ಲಿ ಸಲೂನು ಇಟ್ಟಿರುವ ಹೆಂಡತಿಯ ತಮ್ಮ. ಹೋದ ವರ್ಷ ಇವನ ಸ್ಕೂಟರನ್ನು ಐದು ನಿಮಿಷಕ್ಕೆ ಅಂತ ಒಯ್ದು ಅದಕ್ಕೆ ಶಾಲೆಯ ಗೋಡೆಯ ಪರಿಚಯ ಮಾಡಿಸಿ ತಂದಿದ್ದ.

“ಅದೇ ನೋಡಿ. ಅಕ್ಕ ತಮ್ಮ ಒಂದಾದ್ರೆ ಗಂಡ ಅನ್ನೋನು ಲಗೇಜು,” ಎಂದ ಬೀಗದಂಗಡಿಯವನು. “ನೀವು ರೂಲ್ಸ್ ಹಿಡ್ಕೊಳ್ಳಿ. ಅಲ್ಲಿ ಎಲ್ಲರ ಮುಂದೆ, ಒರಿಜಿನಲ್ ಲೈಸೆನ್ಸ್ ತೆಗಿ ಅನ್ನಿ. ತಾರೀಖು, ಫೋಟೋ, ಎಲ್ಲ ನೋಡ್ಲಿ. ಲೈಸೆನ್ಸ್ ಅನ್ನೋದು ಬ್ರೆಡ್ ಇದ್ದ ಹಾಗೆ, ಸದ್ದಿಲ್ಲದೆ ಹಳಸಿರುತ್ತೆ.”

ಅದಕ್ಕೂ ಮೊದಲು ಬಾಯಿ ಬಿಡಿಸಿ ನೋಡೋಣವೆಂದು ಭೂತಗನ್ನಡಿ ಹನ್ನೊಂದೂವರೆಗೆ ಸಲೂನಿಗೆ ಹೋದ.

“ಓಹೋ ಭಾವ! ಏನು ಈ ಕಡೆ ದಾರಿ ತಪ್ಪಿ?” ಭಾವಮೈದುನ ಕುರ್ಚಿಯ ಮೇಲಿನ ಕೂದಲು ಝಾಡಿಸಿದ. “ಷಡ್ಡಕರ ಮನೆಗೆ ಹೊರಟಿದ್ದೀರಂತಲ್ಲ. ಕೂತ್ಕೊಳ್ಳಿ, ಮದುಮಗನ ಹಾಗೆ ಮಾಡಿ ಕಳಿಸ್ತೀನಿ.”

“ನೀನೂ ಬರ್ತಿದ್ದೀಯೇನೋ?”

“ನಾನಾ? ಶನಿವಾರ ಅಂಗಡಿ ಮುಚ್ಚಿದ್ರೆ ಗಿರಾಕಿಗಳು ಬಿಟ್ಟಾರಾ?” ಎಂದ ಭಾವಮೈದುನ, ಆದರೆ ಕನ್ನಡಿಯಲ್ಲಿ ಕಣ್ಣು ಕೂಡಿಸಲಿಲ್ಲ. ಮುಖಕ್ಕೆ ನೊರೆ ಮೆತ್ತಿದ. ಕತ್ತಿ ಕೆನ್ನೆ ಇಳಿದು ಮೇಲ್ದುಟಿಯ ಹತ್ತಿರ ಬಂದಾಗ ಅವನ ಫೋನು ಕೂಗಿತು. ಹೆಗಲಿಗೂ ಕಿವಿಗೂ ನಡುವೆ ಅದನ್ನು ಸಿಕ್ಕಿಸಿಕೊಂಡು ಪಿಸುಗುಟ್ಟಿದ:

“ಹೂಂ... ಎರಡಕ್ಕೇ... ಇಲ್ಲೇ ಇದ್ದಾರೆ, ಆಮೇಲೆ ಮಾತಾಡೋಣ... ಇಲ್ಲಪ್ಪ, ಒಂಚೂರೂ ಗೊತ್ತಾಗಿಲ್ಲ... ಲೈಸೆನ್ಸ್ ಮರೆಯೋ ಹಾಗಿಲ್ಲ ಮತ್ತೆ...”

‘ಲೈಸೆನ್ಸ್’ ಎಂಬ ಶಬ್ದ ಕಿವಿಗೆ ಬಿದ್ದದ್ದೇ ಭೂತಗನ್ನಡಿ ಅಲಾರಾಂ ಹೊಡೆದ ಗಡಿಯಾರದ ಹಾಗೆ ಕುರ್ಚಿಯಿಂದ ಚಿಮ್ಮಿದ.

ಇಪ್ಪತ್ತೈದು ವರ್ಷ ಸಾಕಿದ ಮೀಸೆಯ ಎಡಭಾಗ ಅವನ ತೊಡೆಯ ಮೇಲೆ ಕಂಬಳಿಹುಳುವಿನ ಹಾಗೆ ಬಿದ್ದಿತ್ತು.

“ಭಾವ,” ಎಂದ ಭಾವಮೈದುನ ಕತ್ತಿ ಒರೆಸುತ್ತ, “ಬಲಗಡೇದು ಇಟ್ಕೊಳ್ತೀರಾ?”

ಬೋಳುಮುಖದಲ್ಲಿ ಮನೆಗೆ ಬಂದವನನ್ನು ಕಂಡು ಮಗಳು ಕಿಸಕ್ಕನೆ ನಕ್ಕಳು. ಮಗ ಬಾಗಿಲಲ್ಲೇ ತಡೆದು, “ಅಪ್ಪ ಅಂಗಡೀಲಿದ್ದಾರೆ, ಆಮೇಲೆ ಬನ್ನಿ,” ಎಂದ. ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಓಡಿದಳು. ಅತ್ತೆ ಮನೆಯಲ್ಲಿರಲಿಲ್ಲ. ಮತ್ತೆ ಮೊಣಕಾಲಿಗೆ ಹೋಗಿದ್ದಾರಂತೆ, ನೇರವಾಗಿ ಕಾರಿನ ಹತ್ತಿರಕ್ಕೇ ಬರುತ್ತಾರಂತೆ. ಭೂತಗನ್ನಡಿ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಅವನ ತಲೆಯಲ್ಲಿ ಆಗ ಓಡುತ್ತಿದ್ದದ್ದು ಎಲ್ಲರ ಮುಂದೆ ಭಾವಮೈದುನನ ಲೈಸೆನ್ಸ್ ಕೇಳುವ ಭಾಷಣ. ಷಡ್ಡಕನ ಹೊಸ ಮನೆಗೆ ತಾನೇ ಕೈಯಾರೆ ದುರಸ್ತಿ ಮಾಡಿದ ದೊಡ್ಡ ಗೋಡೆ ಗಡಿಯಾರವನ್ನು ಕಂಕುಳಲ್ಲಿ ಹಿಡಿದು, ಹೆಂಡತಿ ಮಕ್ಕಳೊಂದಿಗೆ ಎರಡಕ್ಕೆ ಹತ್ತು ನಿಮಿಷ ಮೊದಲೇ ಬಾಡಿಗೆ ಕಂಪನಿಯ ಆಫೀಸು ತಲುಪಿದ.

ಎದೆಗೆ ಬಿಲ್ಲೆ ಅಂಟಿಸಿಕೊಂಡ ಹುಡುಗಿ ಕೌಂಟರಿನಲ್ಲಿ ಕೂತಿದ್ದಳು. ಮುಂದೆ ಕೀಲಿ, ಕೀಲಿಯ ಪಕ್ಕ ಕಾಗದ. ಇವನ ಲೈಸೆನ್ಸಿನ ಜೆರಾಕ್ಸು ಆಗಲೇ ಫೈಲಿನಲ್ಲಿತ್ತು. ಅವಳು ಅದರ ಮೇಲೆ ಕಣ್ಣಾಡಿಸಿ ಪೆನ್ನು ಚಾಚಿದಳು. “ನಿಮ್ಮದಾಯ್ತು ಸರ್. ಇಲ್ಲೊಂದು ಸಹಿ ಹಾಕಿಬಿಡಿ.”

ಆಗಲೇ ಹೊರಗೆ ಸ್ಕೂಟರು ನಿಂತ ಸದ್ದು. ಭಾವಮೈದುನ ಒಳಗೆ ಬಂದ.

“ಸಿಕ್ಕಿಬಿದ್ದ ನೋಡಿ!” ಭೂತಗನ್ನಡಿ ಪೆನ್ನನ್ನು ಕೌಂಟರಿಗೆ ಕುಟ್ಟಿದ. “ನೋಡಮ್ಮಾ, ಜೆರಾಕ್ಸ್ ಗಿರಾಕ್ಸ್ ನಡೆಯಲ್ಲ. ಒರಿಜಿನಲ್ ನೋಡ್ಬೇಕು. ಫೋಟೋ ಮುಖಕ್ಕೆ ಹೊಂದುತ್ತಾ, ತಾರೀಖು ಇದೆಯಾ, ಒಂದೊಂದೂ ನೋಡ್ಬೇಕು. ಬೇಕಾದ್ರೆ ಇದನ್ನೂ ತಗೋ,” ಎಂದು ಜೇಬಿನಿಂದ ಪುಟ್ಟ ಭೂತಗನ್ನಡಿಯನ್ನೇ ತೆಗೆದು ಅವಳ ಮುಂದಿಟ್ಟ. “ಇಲ್ಲಾಂದ್ರೆ ನಿಮ್ಮ ಮೇಲಿನವರಿಗೆ ಕಾಗದ ಬರೀತೀನಿ.”

“ಎಲ್ಲರದೂ ನೋಡ್ಲಾ ಸರ್?”

“ಎಲ್ಲರದೂ! ರೂಲ್ಸ್ ಅಂದ್ರೆ ರೂಲ್ಸು. ಮೊದಲು ಇವನದು!”

ಭಾವಮೈದುನ ಪೆಚ್ಚಾಗಿ ಜೇಬು ತಡಕಿದ. “ನಂದ್ಯಾಕೆ ಭಾವ? ನನ್ನ ಹತ್ರ ಇರೋದು ಸ್ಕೂಟರ್ ಲೈಸೆನ್ಸು. ನಾನು ಬಂದಿದ್ದು ಅಮ್ಮನ್ನ ಬಿಡೋಕೆ.”

ಅವನ ಬೆನ್ನ ಹಿಂದಿನಿಂದ ಅತ್ತೆ ಮುಂದೆ ಬಂದರು. ಕಾಲಲ್ಲಿ ಕ್ಯಾನ್ವಾಸ್ ಬೂಟು. ಸೊಂಟದ ಚೀಲದಿಂದ ಕರವಸ್ತ್ರ, ಕರವಸ್ತ್ರದಿಂದ ಪ್ಲಾಸ್ಟಿಕ್ ಕವರು, ಕವರಿನಿಂದ ಹೊಳೆಯುವ ಕಾರ್ಡು. ಹುಡುಗಿ ಅದನ್ನು ತಿರುಗಿಸಿ ಮುರುಗಿಸಿ, ಭೂತಗನ್ನಡಿಯಲ್ಲೂ ನೋಡಿದಳು.

“ಸರಿಯಾಗಿದೆಯಮ್ಮ. ಲೈಸೆನ್ಸ್ ತಗೊಂಡು ಒಂದು ವರ್ಷ ಆಗಿರ್ಬೇಕು ಅಂತ ನಮ್ಮ ರೂಲ್ಸು. ನಿಮ್ದು ಒಂದು ವರ್ಷ ಒಂದು ವಾರ.”

“ಆ ವಾರಕ್ಕೇ ಕಾಯ್ತಾ ಇದ್ದೆ ಮಗಳೇ,” ಎಂದರು ಅತ್ತೆ.

“ಅತ್ತೆ... ಮೊಣಕಾಲು?”

“ಕ್ಲಚ್ಚು ಒತ್ತಿ ಒತ್ತಿ ಅದೇ ಸರಿಹೋಯ್ತು.”

ಭೂತಗನ್ನಡಿ ಹೆಂಡತಿಯ ಕಡೆ ತಿರುಗಿದ. ಅವಳು ಚಾವಣಿಯ ಫ್ಯಾನಿನ ರೆಕ್ಕೆ ಎಣಿಸುತ್ತಿದ್ದಳು. ಗಂಟಲು ಸರಿಮಾಡಿಕೊಂಡು, ಉಳಿದಿದ್ದ ಮಾನವನ್ನೆಲ್ಲ ಒಟ್ಟುಗೂಡಿಸಿ ಅವನೆಂದ: “ಸರಿ. ಸಂತೋಷ. ಆದ್ರೆ ಎರಡನೆಯವರು ಎರಡನೆಯವರೇ. ಮೊದಲನೆಯವನು ನಾನು. ಕೀಲಿ ಕೊಡಮ್ಮಾ.”

“ನಿಮ್ಮ ಒರಿಜಿನಲ್ ಸರ್?”

“ನಂದಾ? ನಂದು ಆಯ್ತು ಅಂದ್ಯಲ್ಲ?”

“ಎಲ್ಲರದೂ ಅಂದ್ರಲ್ಲ ಸರ್.”

ಪರ್ಸಿನ ಒಳಜೇಬಿನಿಂದ, ಮಕ್ಕಳ ಹಳೆಯ ಫೋಟೋಗಳ ಹಿಂದಿನಿಂದ, ಲೈಸೆನ್ಸನ್ನು ಕಿತ್ತು ತೆಗೆಯಬೇಕಾಯಿತು. ಹುಡುಗಿ ಫೋಟೋ ನೋಡಿದಳು. ಮುಖ ನೋಡಿದಳು. ಮತ್ತೆ ಫೋಟೋ ನೋಡಿದಳು.

“ಇದರಲ್ಲಿ ಮೀಸೆ ಇದೆ ಸರ್.”

“ಬೆಳಿಗ್ಗೆ ತನಕ ಇಲ್ಲೂ ಇತ್ತು!”

“ನಾನು ಸಾಕ್ಷಿ,” ಎಂದ ಭಾವಮೈದುನ.

ಹುಡುಗಿ ಒಪ್ಪಿದಳು. ಆಮೇಲೆ ಪುಟ್ಟ ಭೂತಗನ್ನಡಿಯನ್ನು ಕಣ್ಣಿಗೆ ಹಿಡಿದು ಕೆಳಗಿನ ಸಾಲಿಗೆ ಇಳಿದಳು. ಅಲ್ಲೇ ನಿಂತಳು. “ಸರ್, ಇದರ ಅವಧಿ ಮುಗಿದು ಎರಡು ತಿಂಗಳಾಯ್ತು.”

ಊರಿನವರ ಟೈಮನ್ನೆಲ್ಲ ಸರಿ ಮಾಡುವ ಮನುಷ್ಯ ತನ್ನ ತಾರೀಖು ನೋಡಿಕೊಂಡಿರಲಿಲ್ಲ. ಗಾಜಿನ ಮೂಲಕ ಅವನೂ ನೋಡಿದ. ಗಾಜು ಒಳ್ಳೆಯದು, ಅಂಕಿಗಳು ಸ್ಪಷ್ಟವಾಗಿದ್ದವು.

“ಜೆರಾಕ್ಸಲ್ಲಿ ಮಸುಕಾಗಿತ್ತು, ನಾವು ಅಷ್ಟು ನೋಡ್ತಾ ಇರ್ಲಿಲ್ಲ,” ಎಂದಳು ಹುಡುಗಿ ನಿಜವಾದ ಕನಿಕರದಿಂದ. “ನೋಡಿದ ಮೇಲೆ ಬಿಡೋ ಹಾಗಿಲ್ಲ. ಪುಣ್ಯಕ್ಕೆ ಎರಡನೇ ಡ್ರೈವರ್ ಸೇರಿಸಿದ್ರಿ ಸರ್, ಬುಕಿಂಗ್ ಉಳೀತು.” ಕೀಲಿ ಅತ್ತೆಯ ಅಂಗೈಗೆ ಬಿತ್ತು.

ಮುಂದೆ ಹೆಂಡತಿ ಕೂತಳು. ಮಕ್ಕಳಿಬ್ಬರೂ ಕಿಟಕಿ ತಮಗೇ ಬೇಕೆಂದು ಹಟ ಹಿಡಿದದ್ದರಿಂದ ಭೂತಗನ್ನಡಿಗೆ ಹಿಂದಿನ ಸೀಟಿನ ನಟ್ಟನಡುವಿನ ಉಬ್ಬು ಸಿಕ್ಕಿತು. ತೊಡೆಯ ಮೇಲೆ ಗೋಡೆ ಗಡಿಯಾರ. ಅತ್ತೆ ಕನ್ನಡಿ ಹೊಂದಿಸಿ, ಬೆಲ್ಟು ಎಳೆದುಕೊಂಡು, ಕೈಬ್ರೇಕನ್ನು ಎಲ್ಲರಿಗೂ ಕಾಣುವ ಹಾಗೆ ಕೆಳಗಿಳಿಸಿದರು. ಕಾರು ಬೆಣ್ಣೆಯಿಂದ ಕೂದಲು ಎಳೆದ ಹಾಗೆ ಹೊರಟಿತು.

ಐದು ಮೈಲಿ ಅವನು ಹಲ್ಲು ಕಚ್ಚಿಕೊಂಡಿದ್ದ. ಆರನೆಯದರಲ್ಲಿ ತಡೆಯಲಾಗಲಿಲ್ಲ. “ಅತ್ತೆ, ಮುಂದೆ ಲಾರಿ ಇದೆ. ಸ್ವಲ್ಪ ಗೇರ್...”

ಕನ್ನಡಿಯಲ್ಲಿ ಎರಡು ಕಣ್ಣು ಮೇಲೆದ್ದವು.

“ಲೈಸೆನ್ಸ್ ಇಲ್ಲದವರು ಗಾಡಿಯೊಳಗೆ ಮಾತಾಡಬಾರದು ಅಳಿಯಂದಿರೇ. ಯಾರೋ ತಿಳಿದವರು ಹೇಳಿದ್ದು.”

ಉಳಿದ ದಾರಿಯುದ್ದಕ್ಕೂ ಮಾತಾಡಿದ್ದು ಗಡಿಯಾರ ಒಂದೇ.

ಐದು ಗಂಟೆಗೆ ಸರಿಯಾಗಿ ಕಾರು ಹೊಸ ಮನೆಯ ಗೇಟಿನ ಮುಂದೆ ನಿಂತಿತು. ಅತ್ತೆ ಎರಡು ಸಲ ಹಾರ್ನ್ ಹೊಡೆದರು. ಷಡ್ಡಕ ಹೊರಗೆ ಬಂದವನು ಕಣ್ಣು ಕಣ್ಣು ಬಿಟ್ಟ. ಎರಡು ಕೈಯೂ ಸ್ಟೇರಿಂಗಿನ ಮೇಲಿದ್ದ ಅತ್ತೆಯನ್ನು ನೋಡಿ ಅವನ ಹಳೆಯ ಜೋಕು ಗಂಟಲಲ್ಲೇ ಇಂಗಿಹೋಯಿತು. ಭೂತಗನ್ನಡಿಗೆ ಅಷ್ಟರಲ್ಲೇ ಒಂಚೂರು ಸಮಾಧಾನ. ನಾನಲ್ಲದಿದ್ದರೇನು, ಬಾಯಿ ಮುಚ್ಚಿತಲ್ಲ!

“ಅತ್ತೇ! ನೀವು ಓಡಿಸ್ಕೊಂಡು ಬಂದ್ರಾ? ಭಲೇ!” ಷಡ್ಡಕ ಬಾಗಿಲು ತೆಗೆದು, ಕೈಹಿಡಿದು ಇಳಿಸಿಕೊಂಡ. ಆಮೇಲೆ ಬಗ್ಗಿ ಹಿಂದಿನ ಸೀಟನ್ನು ನೋಡಿದ. ಗಡಿಯಾರ ತಬ್ಬಿಕೊಂಡು ಕೂತಿದ್ದ ಬೋಳುಮುಖದವನಿಗೆ ಸೌಜನ್ಯದಿಂದ ಒಂದು ನಮಸ್ಕಾರ ಹಾಕಿದ.

“ಗಡಿಯಾರ ಗೋಡೆಗೆ ಹಾಕೋಕೆ ಆಳನ್ನೂ ಕರ್ಕೊಂಡು ಬಂದಿದ್ದೀರಲ್ಲ, ಒಳ್ಳೇದಾಯ್ತು,” ಎಂದು ನಾದಿನಿಯ ಕಡೆ ತಿರುಗಿದ. “ಅಲ್ಲಮ್ಮಾ, ನಿನ್ನ ಗಂಡ ಎಲ್ಲಿ? ಈ ಸಲಾನೂ ಬಸ್ಸಲ್ಲೇ ಬರ್ತಿದ್ದಾನಾ?”